ಐದು ಸಲ ಸೋತವರ ಭಾಷಣ

ಕಾಸ್ಟ್ರೀಸ್
ಫೆಬ್ರವರಿ 10, 2003

ಮಾನ್ಯ ಎವಾರಿಸ್ತ್ ದೆಲ್ಮಾರ್ ಅವರಿಗೆ,

ಲಕೋಟೆಯ ಮೇಲಿನ ಕೈಬರಹ ನೋಡಿ ಇದು ಯಾರ ಕಾಗದ ಅಂತ ನಿಮಗೆ ಗೊತ್ತಾಗಿರಲಿಕ್ಕಿಲ್ಲ. ನನ್ನ ಬರಹ ನೀವು ನೋಡಿದ್ದು ಗೋಡೆಯ ಮೇಲೆ ಮಾತ್ರ, ಅದೂ ಸುಣ್ಣದಲ್ಲಿ, "ಸೆರಾಫಿನ್‌ಗೇ ಮತ" ಅಂತ. ನಿಮ್ಮ ಔಷಧದಂಗಡಿಯ ಗೋಡೆಯ ಮೇಲೂ ಒಮ್ಮೆ ಬರೆದಿದ್ದೆವು. ನೀವು ತೋಳು ಮಡಿಸಿ ಬ್ರಷ್ಷು ಹಿಡಿದು ಅದನ್ನು ಉಜ್ಜಿದ್ದನ್ನು ನಾನು ಚರ್ಚಿನ ಮೆಟ್ಟಿಲ ಮೇಲೆ ಕೂತು ಕೊನೆತನಕ ನೋಡಿದೆ. ಚೆನ್ನಾಗಿ ತೊಳೆದಿರಿ. ಗೋಡೆಗೂ ಅದು ಬೇಕಿತ್ತು.

ವಿಷಯಕ್ಕೆ ಬರುತ್ತೇನೆ. ಈ ಸಲ ನಾನು ಚುನಾವಣೆಗೆ ನಿಲ್ಲುತ್ತಿಲ್ಲ. ನಮ್ಮೂರು ಆನ್ಸ್ ಬ್ಲೆಯ ಹೆಸರಿನಲ್ಲಿ ಇಪ್ಪತ್ತೊಂಬತ್ತು ವರ್ಷ ಈ ದ್ವೀಪದ ಶಾಸನಸಭೆಯಲ್ಲಿ ಕೂತದ್ದಾಯಿತು. ನನ್ನಷ್ಟು ವರ್ಷ ಕೂತವರು ಅಲ್ಲಿ ಈಗ ಗೋಡೆ ಗಡಿಯಾರವೊಂದೇ, ಅದೂ ಆಗಾಗ ನಿಲ್ಲುತ್ತದೆ. ಜೂನ್ ಕೊನೆಯ ಶುಕ್ರವಾರ ಬೀಳ್ಕೊಡುಗೆ ಇಟ್ಟಿದ್ದಾರೆ. ಹೊರಟವರ ಊರಿನಿಂದ ಒಬ್ಬರು ಸಭೆಯೊಳಗೇ ಬಂದು ಹತ್ತು ನಿಮಿಷ ಅವರ ಕೆಲಸದ ಬಗ್ಗೆ ಮಾತಾಡಬಹುದಂತೆ. ಯಾರನ್ನು ಕರೆಯಲಿ ಅಂತ ಕಾರ್ಯದರ್ಶಿ ಕೇಳಿದರು. ನಾನು ನಿಮ್ಮ ಹೆಸರು ಹೇಳಿದೆ. ಅವರು ಪೆನ್ನು ಕೆಳಗಿಟ್ಟು, "ನಿಮ್ಮ ವಿರುದ್ಧ ಐದು ಸಲ ನಿಂತ ಆ ದೆಲ್ಮಾರ್?" ಅಂದರು. ಅವರೇ ಅಂದೆ.

ಯಾಕೆ ಅಂತ ನೀವೂ ಕೇಳುತ್ತೀರಿ. ನಮ್ಮ ಕಡೆಯವರನ್ನು ಕರೆದರೆ ಸುಮ್ಮನೆ ಹೊಗಳುತ್ತಾರೆ. ನಾನು ಮಾಡಿದ್ದು, ಮಾಡದೆ ಬಿಟ್ಟದ್ದು, ಮಾಡಿದೆ ಅಂತ ಹೇಳಿಕೊಂಡದ್ದು, ಈ ಮೂರನ್ನೂ ನಿಮ್ಮಷ್ಟು ಬಲ್ಲವರು ಇನ್ನೊಬ್ಬರಿಲ್ಲ. ಐದು ಚುನಾವಣೆ ಅದನ್ನೇ ಹೇಳಿಕೊಂಡು ಗುಡ್ಡ ಹತ್ತಿಳಿದಿರಿ.

ಫೋನ್ ಮಾಡಬಹುದಿತ್ತು. ನನ್ನ ದನಿ ಕೇಳಿದ ಕೂಡಲೇ ನೀವು ಇಟ್ಟುಬಿಡುತ್ತೀರಿ. ಕಾಗದವನ್ನು ಮಾತ್ರ ಓದದೆ ಹರಿಯುವವರಲ್ಲ, ಯಾವುದೂ ದಂಡವಾಗುವುದು ನಿಮಗಾಗದು. ಅದಕ್ಕೇ ಇದನ್ನು ವ್ಯಾನಿನ ಟೈಟಸ್ ಕೈಲಿ ಕೊಟ್ಟು ಕಳಿಸಿದ್ದೇನೆ.

ಇನ್ನು ಕೆಲವೇ ತಿಂಗಳು ನಿಮ್ಮ ಕ್ಷೇತ್ರದ ಸದಸ್ಯೆ,
ಸೆರಾಫಿನ್ ಮಾತುರಿನ್


ಆನ್ಸ್ ಬ್ಲೆ
ಮಾರ್ಚ್ 3, 2003

ಮಿಸ್ ಮಾತುರಿನ್ ಅವರಿಗೆ,

ತಮ್ಮ ಪತ್ರ ತಲುಪಿತು. ಅದನ್ನು ತಲುಪಿಸಿದ ರೀತಿಯ ಬಗ್ಗೆ ನನ್ನ ಆಕ್ಷೇಪಣೆಯಿದೆ. ಅಂಗಡಿ ತುಂಬ ಗಿರಾಕಿಗಳಿದ್ದರು. ಟೈಟಸ್ ಬಾಗಿಲಲ್ಲೇ ನಿಂತು, "ಸಾರ್, ಮಿಸ್ ಸೆರಾ ನಿಮಗೆ ಕಾಗದ ಬರ್ದಿದಾರೆ" ಎಂದು ಮೀನಿನ ದೋಣಿ ಬಂದಾಗ ಕೂಗುವ ಹಾಗೆ ಕೂಗಿದ. ಸಂಜೆಯ ಹೊತ್ತಿಗೆ ನಾನು ತಮ್ಮ ಪಕ್ಷ ಸೇರಿದ ಸುದ್ದಿ ಊರೆಲ್ಲ ಹಬ್ಬಿತ್ತು. ಮೀನು ಮಾರುವ ಮಾ ಕ್ಲೆಮಾಂಸ್ ನನ್ನ ತಕ್ಕಡಿಗೆ ಒಂದು ಮೀನು ಹೆಚ್ಚು ಹಾಕಿ, "ಕೊನೆಗೂ ಬುದ್ಧಿ ಬಂತಲ್ಲ" ಎಂದಳು. ಮೀನನ್ನು ಹಿಂದಿರುಗಿಸಿದೆ.

ತಮ್ಮ ಆಹ್ವಾನವನ್ನು ಒಪ್ಪಲಾರೆ. ತಾವು ಕ್ಷೇತ್ರದ ಸದಸ್ಯೆಯಾದಂದಿನಿಂದ ನಾವಿಬ್ಬರೂ ವೇದಿಕೆಯ ಮೇಲೆ ಹೊರತು ಬೇರೆಲ್ಲೂ ಮಾತಾಡಿದವರಲ್ಲ. ಆ ಪದ್ಧತಿ ಇಬ್ಬರಿಗೂ ಚೆನ್ನಾಗಿಯೇ ಒಗ್ಗಿತ್ತು. ಅಲ್ಲದೆ ನಾನು ಬಂದರೆ ನಿಜ ಹೇಳಬೇಕಾಗುತ್ತದೆ. ಉದಾಹರಣೆಗೆ, ತಾವು ಹ್ಯಾಟು ಹಾಕಿಕೊಂಡು ರಿಬ್ಬನ್ ಕತ್ತರಿಸಿದ, ಮೀನುಗಾರರು ದೋಣಿ ಕಟ್ಟುವ ದಕ್ಕೆ. ಅದಕ್ಕೆ ಅರ್ಜಿ ಬರೆದವನು ನಾನು. ಸಭೆಯಲ್ಲಿ ತಾವು ಓದಿದ ಮಾತುಗಳೆಲ್ಲ ಆ ಅರ್ಜಿಯವೇ. ಎರಡನೆಯ ವಾಕ್ಯದಲ್ಲಿ ನಾನು ನಿಲ್ಲಿಸಬೇಕೆಂದು ಗುರುತು ಹಾಕಿದ್ದ ಕಡೆ ತಾವು ನಿಲ್ಲಿಸಲಿಲ್ಲ, ಅದರಿಂದ ಅರ್ಥ ಕೆಟ್ಟಿತು. ಸಭೆಯ ಕಲಾಪ ರೇಡಿಯೋದಲ್ಲಿ ಬರುವ ದಿನ ನಾನು ಅಂಗಡಿಯ ಒಳಕೋಣೆಯಲ್ಲಿ ಕೂತು ಕೇಳುತ್ತೇನೆ. ಎದುರಾಳಿಯ ಮಾತು ಕೇಳಿರಬೇಕಾದದ್ದು ಅಭ್ಯರ್ಥಿಯ ಧರ್ಮ. ಇದಕ್ಕೆ ಬೇರೆ ಅರ್ಥ ಕಲ್ಪಿಸಬೇಕಾಗಿಲ್ಲ.

ಆದ್ದರಿಂದ ಬೇರೆಯವರನ್ನು ನೋಡಿಕೊಳ್ಳುವುದು.

ಇತಿ,
ಎವಾರಿಸ್ತ್ ದೆಲ್ಮಾರ್
ಔಷಧ ವ್ಯಾಪಾರಿ

ಸುಮ್ಮನೆ ಕುತೂಹಲಕ್ಕೆ: ಹತ್ತು ನಿಮಿಷ ಮುಗಿದಾಗ ಗಂಟೆ ಬಾರಿಸುತ್ತಾರೆಯೋ, ದೀಪ ಹಚ್ಚುತ್ತಾರೆಯೋ?


ಕಾಸ್ಟ್ರೀಸ್
ಮಾರ್ಚ್ 12, 2003

ದೆಲ್ಮಾರ್ ಅವರೇ,

ದೀಪ. ಕೆಂಪು ದೀಪ. ನಮ್ಮ ಸ್ಪೀಕರ್‌ಗೆ ಕಣ್ಣಿನ ಪೊರೆ ಬೆಳೆದಿದೆ, ಹತ್ತಿದರೂ ಅವರಿಗೆ ಕಾಣುವುದಿಲ್ಲ. ಹದಿನೈದು ನಿಮಿಷಕ್ಕೇ ಸಿದ್ಧ ಮಾಡಿಕೊಳ್ಳಿ.

ದಕ್ಕೆಯ ಅರ್ಜಿ ನಿಮ್ಮದೇ. ಮಂತ್ರಿಯ ಕಚೇರಿಯಲ್ಲಿ ಯಾರಿಗೂ ಅಷ್ಟು ಚೆನ್ನಾಗಿ ಬರೆಯಲು ಬರುತ್ತಿರಲಿಲ್ಲ, ಇದ್ದ ಹಾಗೇ ಓದಿದೆ. ನಿಲ್ಲಿಸಬೇಕಾದ ಕಡೆ ನಿಲ್ಲಿಸದೇ ಇದ್ದದ್ದು ಯಾಕೆಂದರೆ, ನಿಲ್ಲಿಸಿದರೆ ನಿಮ್ಮ ಪಕ್ಷದವರು ಎದ್ದು ಕೂಗುವುದಕ್ಕೆ ಕಾಯುತ್ತಿದ್ದರು. ಇದನ್ನೆಲ್ಲ ಸಭೆಯಲ್ಲೇ ಹೇಳಿ, ನನ್ನ ಅಡ್ಡಿಯಿಲ್ಲ.

ಇನ್ನು ಉಳಿದದ್ದು ನೆನಪಿಸುತ್ತೇನೆ, ನಿಮಗೆ ಮರೆತಿರುತ್ತದೆ ಅಂತಲ್ಲ. ಮೊದಲ ಭಾಷಣ. ಬಾಳೆತೋಟದ ಹೆಂಗಸರ ಕೂಲಿಯ ವಿಷಯ, ಅವರು ಆಡುವ ಮಾತಿನಲ್ಲೇ ಹೇಳೋಣ ಅಂತ ಎದ್ದು ಕ್ವೆಯೋಲಿನಲ್ಲಿ ಶುರು ಮಾಡಿದೆ. "ಇಂಗ್ಲಿಷಿನಲ್ಲಿ, ಇಂಗ್ಲಿಷಿನಲ್ಲಿ" ಅಂತ ಆಗಿನ ಸ್ಪೀಕರ್ ಮೇಜು ಕುಟ್ಟಿದರು. ನಾನು ನಿಲ್ಲಿಸಲಿಲ್ಲ. ಮರುದಿನ ನಡಾವಳಿ ತರಿಸಿ ನೋಡಿದರೆ, "ಆನ್ಸ್ ಬ್ಲೆಯ ಮಾನ್ಯ ಸದಸ್ಯೆ ಸ್ವಲ್ಪ ಹೊತ್ತು ಶಬ್ದ ಮಾಡಿದರು" ಅಂತ ಬರೆದಿದ್ದರು. ಕತ್ತೆಯ ಹಾಗೋ ಕೋಳಿಯ ಹಾಗೋ ಅಂತ ಹೇಳದೆ ಬಿಟ್ಟದ್ದು ನನ್ನ ಪುಣ್ಯ. ನಮ್ಮ ಮನೆಮಾತಿಗೆ ಆ ಸಭೆಯಲ್ಲಿ ಒಂದು ಕುರ್ಚಿ ಸಿಗಬೇಕಾದರೆ ನನ್ನ ತಲೆ ಬೆಳ್ಳಗಾಯಿತು. ಈಗ ನಮ್ಮ ಭಾಷೆಯ ಬೈಗುಳವನ್ನೂ ಕಾಗುಣಿತ ತಪ್ಪದ ಹಾಗೆ ಬರೆದುಕೊಳ್ಳುತ್ತಾರೆ.

ಹೆರಿಗೆಯಾದ ಕೂಲಿ ಹೆಂಗಸರಿಗೆ ಸಂಬಳದ ರಜೆ. ಅದನ್ನು ನೀವು "ಸೋಮಾರಿತನಕ್ಕೆ ಬಹುಮಾನ" ಅಂದಿದ್ದಿರಿ, ಆಮೇಲೆ ನಿಮ್ಮಂಗಡಿಯ ಹುಡುಗಿಗೆ ಎಲ್ಲರಿಗಿಂತ ಮೊದಲು ಆ ರಜೆ ಕೊಟ್ಟಿರಿ. ನನಗೆ ಗೊತ್ತು. ಮೋರ್ನ್ ಸೆಕ್ ಗುಡ್ಡಕ್ಕೆ ನೀರಿನ ಕೊಳಾಯಿ. ನಮ್ಮೂರಿನ ಆಸ್ಪತ್ರೆ.

ಆಮೇಲೆ ಮಕ್ಕಳ ಕಾನೂನು. ಅಪ್ಪ ಅಮ್ಮನಿಗೆ ಮದುವೆಯಾಗಿರಲಿ ಬಿಡಲಿ, ಹುಟ್ಟಿದ ಮಕ್ಕಳೆಲ್ಲ ಕಾನೂನಿನ ಮುಂದೆ ಒಂದೇ, ಅಪ್ಪನ ಹೆಸರಿನಲ್ಲೂ ಒಂದೇ, ಆಸ್ತಿಯಲ್ಲೂ ಒಂದೇ. ಆ ವರ್ಷ ನೀವು ಮಾರುಕಟ್ಟೆಯ ಕಟ್ಟೆಯ ಮೇಲೆ ನಿಂತು ಏನೇನು ಹೇಳಿದಿರೋ ಅದು ನನ್ನ ಕಿವಿಗೆ ಬಿತ್ತು. ನಾನು ಉತ್ತರ ಕೊಡಲಿಲ್ಲ. ಈಗಲೂ ಕೊಡುತ್ತಿಲ್ಲ. ಅದನ್ನು ಹೇಳುವುದೋ ಬಿಡುವುದೋ, ಹತ್ತು ನಿಮಿಷ ನಿಮ್ಮದು.

ಬೇರೆಯವರನ್ನು ನೋಡಿಕೊಳ್ಳಿ ಅಂದಿರಿ. ನೋಡಿಕೊಳ್ಳುವುದಿಲ್ಲ.

ಸೆರಾಫಿನ್ ಮಾತುರಿನ್


ಆನ್ಸ್ ಬ್ಲೆ
ಏಪ್ರಿಲ್ 21, 2003
ಈಸ್ಟರಿನ ಮರುದಿನ

ಮಿಸ್ ಮಾತುರಿನ್ ಅವರಿಗೆ,

ಕಳೆದ ಶನಿವಾರ ನಾನು ಮೋರ್ನ್ ಸೆಕ್‌ಗೆ ಹೋಗಿದ್ದೆ. ಯಾವುದೇ ವಿಷಯವನ್ನು ಪರೀಕ್ಷಿಸದೆ ಅದರ ಬಗ್ಗೆ ಮಾತಾಡುವುದು ನನ್ನ ಸ್ವಭಾವವಲ್ಲ. ಟೈಟಸ್ ಶಾಲೆಯವರೆಗೆ ಬಿಟ್ಟ, ಮುಂದೆ ನಡೆದೆ. ಮೊದಲನೆಯ ಕೊಳಾಯಿ ತಿರುಗಿಸಿದರೆ ಗಾಳಿ ಬಂತು. ಎರಡನೆಯದರಲ್ಲೂ ಗಾಳಿಯೇ. ಸುಳ್ಳಾಡುವುದಿಲ್ಲ, ನನಗೆ ಬಹಳ ಸಂತೋಷವಾಯಿತು. ಅಷ್ಟರಲ್ಲಿ ಮಾ ಒಡಿಲ್ ಎಂಬ ಮುದುಕಿ ಮನೆಯೊಳಗಿಂದ ಬಂದು, "ನೀರು ಮಂಗಳವಾರ, ಶುಕ್ರವಾರ ಬರುತ್ತೆ. ಮೊದಲು ಯಾವ ವಾರವೂ ಬರ್ತಿರಲಿಲ್ಲ" ಎಂದಳು. ನನ್ನನ್ನು ಒಳಗೆ ಕೂರಿಸಿ ಸುಟ್ಟ ಜೀಗುಜ್ಜೆ, ಉಪ್ಪುಮೀನು ಬಡಿಸಿದಳು. ನಾನು ಯಾವ ಪಕ್ಷದವನೆಂದು ಅವಳಿಗೆ ಚೆನ್ನಾಗಿ ಗೊತ್ತು. ಹೊರಡುವಾಗ, "ನಿಮ್ಮಕ್ಕ ಆರಾಮಾಗಿದಾಳಾ?" ಎಂದು ಕೇಳಿದಳು.

ನನಗೆ ಒಡಹುಟ್ಟಿದವರಿಲ್ಲವೆಂಬುದು ಚರ್ಚಿನ ಪುಸ್ತಕದಲ್ಲಿ ದಾಖಲಾದ ಸಂಗತಿ. ಆದರೂ ನಾನು "ಯಾರು" ಎಂದು ಕೇಳಲಿಲ್ಲ. ಆರಾಮಾಗಿದ್ದಾರೆ ಎಂದೆ. ಇಳಿಜಾರಿನಲ್ಲಿ ಮಂಡಿ ನೋಯುತ್ತಿತ್ತು, ಬೇಗ ಹೊರಟು ಬರಬೇಕಿತ್ತು.

ನಾವಿಬ್ಬರೂ ಮೊದಲ ಸಲ ಎದುರುಬದುರು ನಿಂತಾಗ ನಮ್ಮ ಚಿತ್ರಗಳನ್ನು ಮಾರುಕಟ್ಟೆಯ ಗೋಡೆಯ ಮೇಲೆ ಅಕ್ಕಪಕ್ಕ ಅಂಟಿಸಿದ್ದರು. ಜನ ನಿಂತು ನಿಂತು ನೋಡಿ ನಗುತ್ತಿದ್ದರು. ಎರಡು ಪಕ್ಷ, ಎರಡು ಬಣ್ಣ, ಮೂಗು ಮಾತ್ರ ಒಂದೇ. ಅದು ನನ್ನ ತಂದೆ ಗಾಸ್ತೋಂ ದೆಲ್ಮಾರ್ ಅವರ ಮೂಗು. ನಾನು ರಾತ್ರೋರಾತ್ರಿ ನನ್ನ ಚಿತ್ರಗಳನ್ನೆಲ್ಲ ತೆಗೆಸಿ, ದೂರದಿಂದ ತೆಗೆದದ್ದನ್ನು ಅಂಟಿಸಿದೆ. ಅದಕ್ಕೇ ಸೋತೆನೆಂದು ನಮ್ಮ ಪಕ್ಷದವರು ಇಂದಿಗೂ ಹೇಳುತ್ತಾರೆ.

ತಮ್ಮ ಆ ಕಾನೂನಿನ ಬಗ್ಗೆ ನಾನು ಮಾತಾಡುವುದಿಲ್ಲ. ಅದು ಬಂದ ವರ್ಷವೇ ನನ್ನ ತಂದೆ ತೀರಿಕೊಂಡರು. ಆಮೇಲೆ ನನ್ನ ತಾಯಿ ಪ್ರತಿ ಬೆಳಗ್ಗೆ ಕಿಟಕಿಯಲ್ಲಿ ಕೂತು ಗೇಟಿನ ಕಡೆ ನೋಡುತ್ತಿದ್ದರು, ತಾವು ಪಾಲು ಕೇಳಿ ಕಳಿಸುವ ವಕೀಲರ ಕಾಗದ ಬಂದೇ ಬರುತ್ತದೆಂದು. ಕೋಕೋ ತೋಟದಲ್ಲಿ ಅರ್ಧ, ಮನೆಯಲ್ಲಿ ಅರ್ಧ, ಅಂಗಡಿಯಲ್ಲಿ ಅರ್ಧ. ತಾವೇ ಮಾಡಿಸಿದ ಕಾನೂನು. ಕಾಗದ ಬರಲಿಲ್ಲ. ನನ್ನ ತಾಯಿ ಸಾಯುವವರೆಗೂ ಬರಲಿಲ್ಲ. ಯಾಕೆ ಬರಲಿಲ್ಲವೆಂದು ನಾನು ಕೇಳುತ್ತಿಲ್ಲ.

ಉಳಿದ ವಿಷಯಗಳ ಬಗ್ಗೆ, ನಿಜವನ್ನಷ್ಟೇ ಹೇಳುವ ಷರತ್ತಿನ ಮೇಲೆ, ಜೂನ್ 27ಕ್ಕೆ ಬರುತ್ತೇನೆ. ನೀರು ವಾರಕ್ಕೆ ಎರಡೇ ದಿನವೆಂಬುದನ್ನು ಖಂಡಿತ ಹೇಳುತ್ತೇನೆ.

ಇತಿ,
ಎವಾರಿಸ್ತ್ ದೆಲ್ಮಾರ್


ಆನ್ಸ್ ಬ್ಲೆ
ಮೇ 19, 2003

ಮಿಸ್ ಮಾತುರಿನ್ ಅವರಿಗೆ,

ಸಂತೋಷದ ಸುದ್ದಿಯನ್ನು ಮೊದಲು ಎದುರಾಳಿಗೇ ತಿಳಿಸುವುದು ಸಭ್ಯತೆ. ನಿನ್ನೆ ನಮ್ಮ ಪಕ್ಷದ ಅಧ್ಯಕ್ಷರು ಖುದ್ದಾಗಿ ಅಂಗಡಿಗೆ ಬಂದಿದ್ದರು. ಆನ್ಸ್ ಬ್ಲೆಗೆ ಮತ್ತೆ ನಾನೇ ಅಭ್ಯರ್ಥಿ. ತಮ್ಮ ಪಕ್ಷ ನಿಲ್ಲಿಸುತ್ತಿರುವ ಆ ಎಳೆಯ ವಕೀಲ ಮೀನುಗಾರರ ಸಭೆಗೆ ಬಿಳಿ ಬೂಟು ಹಾಕಿಕೊಂಡು ಬಂದಿದ್ದನಂತೆ. ಅವನನ್ನು ಸೋಲಿಸುವುದಕ್ಕೆ ನಾನೂ ಬೇಕಾಗಿಲ್ಲ, ನನ್ನ ಹ್ಯಾಟು ಸಾಕು ಎಂದು ಮಾ ಕ್ಲೆಮಾಂಸ್ ಹೇಳುತ್ತಾಳೆ. ನನಗೆ ಎಪ್ಪತ್ತು ದಾಟಿತು. ಬದುಕಿನಲ್ಲಿ ಒಂದು ಸಲ ಆ ಸಭೆಯಲ್ಲಿ ಸದಸ್ಯನಾಗಿ ಕೂರಬೇಕೆಂಬ ಆಸೆಯನ್ನು ನಾನು ಯಾರಿಂದಲೂ ಮುಚ್ಚಿಟ್ಟವನಲ್ಲ. ತಾವು ಈಗ ದಾರಿ ಬಿಟ್ಟಿದ್ದೀರಿ.

ಬೀಳ್ಕೊಡುಗೆಯ ಮಾತೂ ಬಂತು. ಅಧ್ಯಕ್ಷರು ನೇರವಾಗಿಯೇ ಹೇಳಿದರು: "ಅಲ್ಲಿ ಹೋಗಿ ಆಯಮ್ಮನ್ನ ತೆಗಳೋದಾದ್ರೆ ಹೋಗಿ. ಹೊಗಳೋದಾದ್ರೆ ಮನೇಲಿರಿ. ಹೊಗಳಿ ಬಂದವರಿಗೆ ಟಿಕೆಟ್ ಇಲ್ಲ."

ತಮ್ಮ ಬೀಳ್ಕೊಡುಗೆಯ ದಿನ ತಮ್ಮನ್ನು ತೆಗಳುವುದು ನನ್ನಿಂದಾಗದು. ಆದ್ದರಿಂದ ಬರುವುದಿಲ್ಲ. ಭಾಷಣ ಬಹುತೇಕ ಬರೆದಾಗಿತ್ತು, ನೀರಿನ ಭಾಗ ಚೆನ್ನಾಗಿ ಬಂದಿತ್ತು. ತಾವು ರಾಜಕೀಯ ಬಲ್ಲವರು, ಅರ್ಥ ಮಾಡಿಕೊಳ್ಳುತ್ತೀರೆಂದು ನಂಬಿದ್ದೇನೆ.

ಇತಿ,
ಎವಾರಿಸ್ತ್ ದೆಲ್ಮಾರ್
ಅಭ್ಯರ್ಥಿ


ಕಾಸ್ಟ್ರೀಸ್
ಮೇ 26, 2003

ದೆಲ್ಮಾರ್ ಅವರೇ,

ಅಭಿನಂದನೆ. ಬಾಯಿಮಾತಿಗೆ ಹೇಳುತ್ತಿಲ್ಲ. ನೀವು ಗೆದ್ದರೆ ಆನ್ಸ್ ಬ್ಲೆಗೆ ಕೇಡೇನೂ ಇಲ್ಲ. ಬಿಳಿ ಬೂಟಿನ ಹುಡುಗನಿಗೆ ನಾನು ಹೇಳಿ ನೋಡಿದೆ, ಕೇಳಲಿಲ್ಲ. ಹೊರಗೆ ಇದನ್ನು ಯಾರಿಗೂ ಹೇಳಬೇಡಿ, ಪ್ರಚಾರಕ್ಕೆ ಅವನ ಜೊತೆ ನಾನೇ ಬರುತ್ತೇನೆ, ನಿಮ್ಮನ್ನು ಚೆನ್ನಾಗಿಯೇ ಬೈಯುತ್ತೇನೆ.

ಅರ್ಥವಾಯಿತು. ಬೇರೆ ಹೆಸರು ಕೊಡುತ್ತೀರಾ ಅಂತ ಕಾರ್ಯದರ್ಶಿ ಕೇಳಿದರು. ಇಲ್ಲ ಅಂದೆ. ಆ ಹತ್ತು ನಿಮಿಷ ಎಲ್ಲರೂ ಸುಮ್ಮನೆ ಕೂತಿರಲಿ. ರಾಜಕಾರಣಿಗಳಿಗೆ ಅದೂ ಒಂದು ಅಭ್ಯಾಸವಾಗಬೇಕು.

ನೀವು ಕೇಳುವುದಿಲ್ಲ ಅಂತ ಬರೆದು ಕೇಳಿದ ಒಂದು ಪ್ರಶ್ನೆಯಿದೆ. ಇನ್ನು ಬರೆಯುವ ಸಂದರ್ಭ ಬರುತ್ತದೋ ಇಲ್ಲವೋ, ಹೇಳಿಬಿಡುತ್ತೇನೆ.

ನಿಮ್ಮ ಹೆಸರಿಡುವ ದಿನ ನಿಮ್ಮನ್ನು ಚರ್ಚಿಗೆ ಎತ್ತಿಕೊಂಡು ಹೋದದ್ದು ಭಾನುವಾರ. ಗಂಟೆ ಬಾರಿಸಿದ್ದರು, ಕೊಲ್ಲಿಯ ಆಚೆದಡಕ್ಕೆ ಕೇಳಿಸುವ ಹಾಗೆ. ನನ್ನನ್ನು ಕರೆದುಕೊಂಡು ಹೋದದ್ದು ಬುಧವಾರ. ಮದುವೆಯಿಲ್ಲದವರ ಮಕ್ಕಳಿಗೆ ಬುಧವಾರ, ಪಕ್ಕದ ಬಾಗಿಲು, ಗಂಟೆಯಿಲ್ಲ. ಆಗ ಹಾಗಿತ್ತು. ಅವ್ವ ಇದನ್ನು ದುಃಖದಿಂದ ಹೇಳುತ್ತಿರಲಿಲ್ಲ, ಮಳೆ ಬಂತು ಬಿಸಿಲು ಬಂತು ಅನ್ನುವ ಹಾಗೆ ಹೇಳುತ್ತಿದ್ದಳು. ನನಗೆ ಮಾತ್ರ ಅದು ಒಳಗೆ ಎಲ್ಲೋ ಚುಚ್ಚಿಕೊಂಡು ಕೂತಿತು.

ಆ ಕಾನೂನು ಪಾಸಾದ ಸಂಜೆ ನಾನು ಕತೀಡ್ರಲ್ಲಿನ ಗಂಟೆ ಬಾರಿಸುವವನಿಗೆ ಒಂದು ಬಾಟಲಿ ರಮ್ ಕೊಟ್ಟು ಬಾರಿಸು ಅಂದೆ. ಏನು ಕಾರಣ ಅಂತ ಕೇಳಿದ. ಒಂದು ಹೆಸರಿಡುವ ಕಾರ್ಯ ತಡವಾಗಿತ್ತು ಅಂದೆ. ಒಳ್ಳೆಯ ಮನುಷ್ಯ, ಬಹಳ ಹೊತ್ತು ಬಾರಿಸಿದ.

ನನಗೆ ಬೇಕಿದ್ದದ್ದು ಅಷ್ಟೇ. ತೋಟ ಇಟ್ಟುಕೊಂಡು ನಾನೇನು ಮಾಡಲಿ, ಕೋಕೋ ಒಣಗಿಸುವುದನ್ನು ಅವ್ವನೇ ನನಗೆ ಕಲಿಸಲಿಲ್ಲ, ಓದು ಅಂದಳು.

ಚೆನ್ನಾಗಿರಿ. ಮಂಡಿಗೆ ಬೆಚ್ಚಗೆ ಎಣ್ಣೆ ಹಚ್ಚಿ. ಔಷಧದವರಿಗೆ ಔಷಧ ಹೇಳುತ್ತಿದ್ದೇನೆ.

ಸೆರಾಫಿನ್


ಕಾಸ್ಟ್ರೀಸ್
ಜೂನ್ 28, 2003

ತಮ್ಮಾ ಎವಾರಿಸ್ತ್,

ನೋಡು, ಬರೆದುಬಿಟ್ಟೆ. ಮೊದಲು ಅಕ್ಕ ಅಂದವನು ನೀನು, ಇನ್ನು ನನ್ನನ್ನು ಬೈಯುವ ಹಾಗಿಲ್ಲ.

ಯಾಕೆ ಹಾಗೆ ಓಡಿಹೋದೆ? ನಾನು ಎಲ್ಲರ ಕೈಕುಲುಕಿ ಮೆಟ್ಟಿಲಿಳಿದು ಬರುವಷ್ಟರಲ್ಲಿ ಟೈಟಸ್‌ನ ವ್ಯಾನು ಮಾರುಕಟ್ಟೆಯ ತಿರುವು ದಾಟಿತ್ತು. ನಿನ್ನ ಹ್ಯಾಟು ಮಾತ್ರ ಕಂಡಿತು. ಕೂಗಿದೆ. ಕೇಳಿಸಿತ್ತು ಅಂತ ಟೈಟಸ್ ಇವತ್ತು ಬೆಳಗ್ಗೆ ನನಗೆ ಹೇಳಿದ. "ಓಡ್ಸು, ಓಡ್ಸು ಅಂದ್ರು ಮಿಸ್ ಸೆರಾ, ಮುಖ ಕಿಟಕಿ ಕಡೆ ತಿರುಗಿಸ್ಕೊಂಡು ಕೂತಿದ್ರು" ಅಂದ.

ನನಗೆ ಹೇಗಾಯಿತು ಅಂತ ನೀನು ತಿಳಿಯಬೇಡವೇ? ಸ್ಪೀಕರ್ ನನ್ನ ಹೆಸರು ಹೇಳಿ, ಊರಿನವರು ಯಾರೂ ಬಂದಿಲ್ಲ ಅಂತ ಮುಂದಕ್ಕೆ ಹೋಗುತ್ತಿದ್ದರು. ಬಾಗಿಲ ಹತ್ತಿರ ಗದ್ದಲ. ಕಾವಲಿನವನಿಗೂ ಇನ್ಯಾರಿಗೋ ಜಗಳ. ನೀನು ಕರಿಯ ಸೂಟಿನಲ್ಲಿ ನಿಂತು, "ನನಗೆ ಆಹ್ವಾನವಿದೆ, ಮಾತ್ರವಲ್ಲ, ನಾನು ಬರುವುದಿಲ್ಲವೆಂದು ತಿಳಿಸಿದ್ದೂ ಲಿಖಿತವಾಗಿದೆ" ಅನ್ನುತ್ತಿದ್ದೆ. ಅಂಥ ವಾಕ್ಯ ಈ ದ್ವೀಪದಲ್ಲಿ ಇನ್ನೊಬ್ಬರ ಬಾಯಲ್ಲಿ ಬರುವುದಿಲ್ಲ.

ನೀನು ದಕ್ಕೆಯ ಅರ್ಜಿಯ ಬಗ್ಗೆ ಹೇಳಿದೆ. ಎಲ್ಲಿ ನಿಲ್ಲಿಸಬೇಕಿತ್ತು ಅಂತ ಓದಿ ತೋರಿಸಿದೆ. ನೀರು ಮಂಗಳವಾರ, ಶುಕ್ರವಾರ ಅಂದೆ, ನಿಮ್ಮ ಪಕ್ಷದವರು ಮೇಜು ತಟ್ಟಿದರು. "ತಟ್ಟುವವರು ಕೇಳಿ, ನಾವು ಅಧಿಕಾರದಲ್ಲಿದ್ದ ಅಷ್ಟೂ ವರ್ಷ ಯಾವ ವಾರವೂ ಬರುತ್ತಿರಲಿಲ್ಲ" ಅಂದೆ. ಆಗ ನಮ್ಮವರು ತಟ್ಟಿದರು. ಆಮೇಲೆ ಅದನ್ನು ಹೇಳಲು ಶುರು ಮಾಡಿದೆ. ನನಗೆ ಗೊತ್ತಾಯಿತು, ಕಾಗದವನ್ನು ಮಡಿಸಿ ಜೇಬಿಗಿಟ್ಟೆಯಲ್ಲ, ಆಗಲೇ ಗೊತ್ತಾಯಿತು.

ನಡಾವಳಿ ಇವತ್ತು ತರಿಸಿದೆ. ಇದ್ದದ್ದು ಇದ್ದ ಹಾಗೆ ಬರೆದಿದ್ದಾರೆ:

"ಮಕ್ಕಳ ಕಾನೂನು ಬಂದರೆ ನಮ್ಮೂರಿನ ಮನೆಗಳು ಮುರಿದುಬೀಳುತ್ತವೆ ಎಂದು ನಾನು ಹೇಳಿದ್ದೆ. ಇಪ್ಪತ್ತು ವರ್ಷ ಕಾದು ನೋಡಿದೆ. ಯಾವುದೂ ಬೀಳಲಿಲ್ಲ. ನನ್ನ ಮನೆಯೂ ಬೀಳಲಿಲ್ಲ, ಬೀಳಿಸುವ ಹಕ್ಕಿದ್ದವಳು ಅದನ್ನು ಮುಟ್ಟಲಿಲ್ಲ. ನನ್ನ ತಂದೆ ಗಾಸ್ತೋಂ ದೆಲ್ಮಾರ್‌ಗೆ ಇಬ್ಬರು ಮಕ್ಕಳು. ಚಿಕ್ಕವನು ನಾನು. ದೊಡ್ಡವಳು ಅಲ್ಲಿ ಕೂತಿದ್ದಾಳೆ. ನಾನು ಐದು ಸಲ ಸೋತದ್ದು ನನ್ನ ಅಕ್ಕನ ಕೈಲಿ. ಆ ಐದು ಸಲವೂ ಆನ್ಸ್ ಬ್ಲೆಯ ಜನ ಸರಿಯಾದವರನ್ನೇ ಆರಿಸಿದರು ಎಂದು ದಾಖಲಾಗಬೇಕು."

ಕೆಂಪು ದೀಪ ಆಗಲೇ ಹತ್ತಿತ್ತು. ಸ್ಪೀಕರ್‌ಗೆ ಕಾಣಲಿಲ್ಲವೋ, ಕಾಣದವರ ಹಾಗೆ ಇದ್ದರೋ. ನನ್ನ ಪಕ್ಕದಲ್ಲಿ ಕೂತ ಮಂತ್ರಿ ಕರವಸ್ತ್ರ ಕೊಟ್ಟರು, ಅದನ್ನು ಇನ್ನೂ ಒಗೆದು ಹಿಂದಿರುಗಿಸಬೇಕು. ಉತ್ತರ ಹೇಳಲು ನನ್ನ ಹೆಸರು ಕೂಗಿದರು. ಎದ್ದೆ. ಬರೆದು ತಂದಿದ್ದ ಕಾಗದವನ್ನು ನಿನ್ನ ಹಾಗೇ ಮಡಿಸಿ ಚೀಲಕ್ಕಿಟ್ಟೆ. ಕೂತುಬಿಟ್ಟೆ.

ಟಿಕೆಟ್ಟಿನ ಗತಿ ಏನಾಯಿತು? ಅದನ್ನು ನೆನೆದು ರಾತ್ರಿ ನಿದ್ದೆ ಬರಲಿಲ್ಲ.

ನಿನ್ನ
ಸೆರಾ


ಆನ್ಸ್ ಬ್ಲೆ
ಜುಲೈ 7, 2003

ಅಕ್ಕಾ,

ಈ ಒಂದು ಶಬ್ದವನ್ನು ಬರೆಯಲು ಬೆಳಗ್ಗೆಯಿಂದ ಕೂತಿದ್ದೇನೆ. ಸಭೆಯಲ್ಲಿ ಹೇಳುವುದು ಸುಲಭವಾಗಿತ್ತು, ಅಲ್ಲಿ ಮೈಕು ಇತ್ತು.

ಟಿಕೆಟ್ ಹೋಯಿತು. ಭಾನುವಾರವೇ ಅಧ್ಯಕ್ಷರು ಬಂದು, "ನಾವು ಇನ್ನೊಬ್ಬರನ್ನ ನೋಡ್ತಿದೀವಿ" ಎಂದರು. ನೋಡಿ ಎಂದೆ. ಹೊರಡುವಾಗ ಕೆಮ್ಮಿನ ಔಷಧಿ ಕೇಳಿದರು, ಕೊಟ್ಟೆ. ಚುನಾವಣೆಗೆ ನಿಂತು ಸೋಲುವುದು ನನಗೆ ಅಭ್ಯಾಸ. ನಿಲ್ಲದೆ ಸೋತದ್ದು ಇದೇ ಮೊದಲು. ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ದಿನ ಪೂರ್ತಿ ಆಯಿತು. ಮರುದಿನ ಅಂಗಡಿ ತೆರೆದಾಗ ಹೊರಗೆ ಸಾಲು ನಿಂತಿತ್ತು. ಒಬ್ಬರಿಗೂ ಕಾಯಿಲೆಯಿರಲಿಲ್ಲ. ಎಲ್ಲರೂ ಒಂದೊಂದು ನೋವಿನ ಮಾತ್ರೆ ಕೊಂಡು ನನ್ನ ಮುಖ ನೋಡಿಕೊಂಡು ಹೋದರು.

ಊರು ಬೆಚ್ಚಿಬೀಳುತ್ತದೆಂದು ನಾನು ಎಣಿಸಿದ್ದೆ. ಮಾ ಕ್ಲೆಮಾಂಸ್ ಮೀನು ತೂಗುತ್ತ, "ಊರಿಗೆಲ್ಲ ಗೊತ್ತಿದ್ದನ್ನ ಹೇಳೋಕೆ ಕಾಸ್ಟ್ರೀಸಿಗೆ ಹೋಗ್ಬೇಕಿತ್ತಾ? ನನ್ನ ಮುಂದೆ ಹೇಳಿದ್ರೆ ವ್ಯಾನಿನ ಖರ್ಚು ಉಳೀತಿತ್ತು" ಎಂದಳು. ಅಷ್ಟೇ. ಒಂದು ಮೀನು ಹೆಚ್ಚು ಹಾಕಿದಳು. ಈ ಸಲ ಮನೆಗೆ ತೆಗೆದುಕೊಂಡು ಬಂದೆ.

ಓಡಿಹೋದದ್ದರ ಬಗ್ಗೆ ಕೇಳಿದ್ದೀಯ. ಏನು ಹೇಳಲಿ? ನೀನು ಮೆಟ್ಟಿಲಿಳಿದು ಬರುವುದನ್ನು ನೋಡಿದೆ. ಬಂದು ಎದುರಿಗೆ ನಿಂತರೆ ಕೈಕುಲುಕಬೇಕೋ, ಅಪ್ಪಿಕೊಳ್ಳಬೇಕೋ, ಯಾವುದು ಸರಿಯೆಂದು ನನಗೆ ತಿಳಿಯಲಿಲ್ಲ. ತಿಳಿಸಿಕೊಟ್ಟವರೂ ಇರಲಿಲ್ಲ.

ಭಾನುವಾರ ಪೂಜೆ ಮುಗಿದ ಮೇಲೆ ಮನೆಗೆ ಊಟಕ್ಕೆ ಬಾ. ಅಂಗಡಿಯ ಮೇಲಿನ ಮನೆ, ನಿನಗೆ ಗೊತ್ತು. ಅಡುಗೆಯವಳಿಗೆ ಏನು ಮಾಡಲು ಹೇಳಲಿ? ನೀನು ಯಾವ ಊರಿನಲ್ಲಿ ಎಷ್ಟು ಮತ ತೆಗೆದುಕೊಂಡೆ, ಯಾವ ಮಸೂದೆಯ ಮೇಲೆ ಏನು ಮಾತಾಡಿದೆ, ಎಲ್ಲ ನನಗೆ ಬಾಯಿಪಾಠ. ನಿನಗೆ ಮೀನು ಸೇರುತ್ತದೋ ಕೋಳಿ ಸೇರುತ್ತದೋ ಗೊತ್ತಿಲ್ಲ. ಖಾರ ಎಷ್ಟು, ಉಪ್ಪು ಎಷ್ಟು, ಕೋಕೋ ಚಹಾಕ್ಕೆ ಹಾಲು ಬೇಕೋ ಬೇಡವೋ, ಯಾವುದೂ ಗೊತ್ತಿಲ್ಲ. ಈ ವಯಸ್ಸಿನಲ್ಲಿ ಕೇಳಲು ನಾಚಿಕೆಯಾಗುತ್ತದೆ. ಟೈಟಸ್ ಕೈಲಿ ಬರೆದು ಕಳಿಸು. ಬಾಯಿಮಾತಿನಲ್ಲಿ ಹೇಳಿ ಕಳಿಸಬೇಡ, ಅವನು ದಾರಿಯುದ್ದಕ್ಕೂ ಕೂಗಿಕೊಂಡು ಬರುತ್ತಾನೆ.

ನಿನ್ನ ತಮ್ಮ,
ಎವಾರಿಸ್ತ್


ಕಾಸ್ಟ್ರೀಸ್
ಜುಲೈ 10, 2003

ತಮ್ಮಾ,

ಅಪ್ಪಿಕೊಳ್ಳುವುದು ಸರಿ. ಭಾನುವಾರ ಅಭ್ಯಾಸ ಮಾಡೋಣ.

ಅಡುಗೆಯವಳಿಗೆ, ನಿನಗೆ ಏನು ಇಷ್ಟವೋ ಅದನ್ನೇ ಮಾಡಲು ಹೇಳು. ನನಗೂ ಅದೇ ಇಷ್ಟ. ಅದು ಹೇಗೆ ಅಂತ ಕೇಳುತ್ತೀಯ. ನೀನು ಎಂಟು ವರ್ಷದವನಾಗುವ ತನಕ ನಿಮ್ಮ ಅಡುಗೆಮನೆಯಲ್ಲಿ ಬೇಯಿಸುತ್ತಿದ್ದವಳು ನನ್ನ ಅವ್ವ. ಸಂಜೆ ಗುಡ್ಡ ಹತ್ತಿ ಮನೆಗೆ ಬಂದು ಕಾಲು ಚಾಚಿ ಕೂತರೆ ನನಗೆ ಬೇಕಿದ್ದ ಕಥೆ ಒಂದೇ: ಇವತ್ತು ಎವಾರಿಸ್ತ್ ಏನು ತಿಂದ? ಜೀಗುಜ್ಜೆಗೆ ಬೆಣ್ಣೆ ಹಾಕದಿದ್ದರೆ ಮುಖ ತಿರುಗಿಸಿದ. ಕೋಳಿಯ ಕಾಲು ತಿಂದ, ರೆಕ್ಕೆ ಬಿಟ್ಟ. ಕೋಕೋ ಚಹಾಕ್ಕೆ ಹಾಲು ಜಾಸ್ತಿ ಬೇಕೆಂದು ಅತ್ತ. ನೀನು ತಟ್ಟೆಯಲ್ಲಿ ಬಿಟ್ಟದ್ದನ್ನು ಅವ್ವ ಬಾಳೆಲೆಯಲ್ಲಿ ಕಟ್ಟಿಕೊಂಡು ತರುತ್ತಿದ್ದಳು. ನಾನು ಅದರಲ್ಲೇ ಬೆಳೆದೆ. ಇವತ್ತಿಗೂ ಕೋಳಿಯಲ್ಲಿ ನನಗೆ ರೆಕ್ಕೆಯೇ ಪ್ರೀತಿ.

ಒಂದು ಮಾತ್ರ ನನಗೆ ಸಿಗಲಿಲ್ಲ. ಭಾನುವಾರ ಕಾಸ್ಟ್ರೀಸಿನ ದೋಣಿಯಲ್ಲಿ ಮಂಜುಗಡ್ಡೆ ಬಂದಾಗ ಅವ್ವ ನಿನಗೆ ಕೊರೊಸೋಲ್ ಹಣ್ಣಿನ ಐಸ್‌ಕ್ರೀಂ ತಿರುವುತ್ತಿದ್ದಳಂತೆ. ಅದರ ಕಥೆ ಎಷ್ಟು ಸಲ ಕೇಳಿದ್ದೇನೋ. ಪ್ರತಿ ಸಲ ಕೊನೆಗೆ, "ಏನು ಮಾಡ್ಲಿ ಮಗಳೇ, ಬಟ್ಟಲು ನೆಕ್ಕಿ ಇಟ್ಟುಬಿಟ್ಟ" ಅಂತ ನಗುತ್ತಿದ್ದಳು.

ಅದನ್ನು ಮಾಡಿಸು. ಎರಡು ಬಟ್ಟಲು. ಡಾಕ್ಟರು ನನಗೆ ಸಿಹಿ ಮುಟ್ಟಬೇಡ ಅಂದಿದ್ದಾರೆ, ಆದರೆ ಔಷಧದಂಗಡಿ ಹೇಗೂ ಕೆಳಗಡೆಯೇ ಇದೆ.

ಭಾನುವಾರ ಬರುವ ನಿನ್ನ ಅಕ್ಕ,
ಸೆರಾಫಿನ್